ಕಷ್ಟದ ಹೊತ್ತಿನಲ್ಲಿ ಸ್ವಂತ ತೀರ್ಮಾನ: ಸ್ವಸಬಲೀಕರಣವನ್ನು ರೂಢಿಸಿಕೊಳ್ಳುವ ಬಗೆ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ದೊಡ್ಡ ತೀರ್ಮಾನಗಳು ಹೆಚ್ಚಾಗಿ ಚಾವಡಿಯಲ್ಲಿ ಆಗುತ್ತವೆ. ಗದ್ದೆ ಮಾರುವುದೋ ಇಟ್ಟುಕೊಳ್ಳುವುದೋ, ಮಗಳನ್ನು ನರ್ಸಿಂಗ್‌ಗೆ ಸೇರಿಸುವುದೋ ಬಿ.ಕಾಂ.ಗೆ ಸೇರಿಸುವುದೋ, ಗಲ್ಫ್‌ನ ಕೆಲಸ ಹೋಗಿ ಊರಿಗೆ ಮರಳಿದವನು ಇಲ್ಲೇ ಅಂಗಡಿ ಇಡುವುದೋ ಮತ್ತೆ ವೀಸಾಕ್ಕೆ ಕಾಯುವುದೋ ಎಂಬ ಪ್ರಶ್ನೆಗಳು ಬಂದಾಗ ಮಾವಂದಿರು, ಭಾವಂದಿರು, ಊರಿನ ನಾಲ್ಕು ಮಂದಿ ಸೇರಿ ಮಾತಾಡುತ್ತಾರೆ. ಯಾರ ಬದುಕಿನ ಬಗ್ಗೆ ಮಾತು ನಡೆಯುತ್ತಿದೆಯೋ ಅವರು ಎಷ್ಟೋ ಸಲ ಒಳಗೆ ಚಹಾ ಮಾಡುತ್ತಿರುತ್ತಾರೆ. ಹಿರಿಯರ ಮಾತು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ತೀರ್ಮಾನದ ಭಾರವನ್ನು ಮುಂದೆ ವರ್ಷಗಟ್ಟಲೆ ಹೊರಬೇಕಾದವರಿಗೆ ಅದರಲ್ಲಿ ಮಾತೇ ಇಲ್ಲದಿದ್ದರೆ, ಕಷ್ಟ ಎದುರಾದ ದಿನ ಅವರಿಗೆ ಕೈಕಾಲೇ ಆಡುವುದಿಲ್ಲ. ತನ್ನ ಹೆಸರಿನ ಕಾಗದಪತ್ರ, ತನ್ನ ಕೈಯಲ್ಲೊಂದಿಷ್ಟು ಹಣ, ತಾನೇ ವಿಚಾರಿಸಿ ತಿಳಿದುಕೊಂಡ ಮಾಹಿತಿ, ಯೋಚಿಸಲು ತನಗೆ ಬೇಕಾದಷ್ಟು ಸಮಯ ಇವುಗಳನ್ನು ಒಬ್ಬ ವ್ಯಕ್ತಿ ಹಂತಹಂತವಾಗಿ ತನ್ನದಾಗಿಸಿಕೊಳ್ಳುವುದನ್ನೇ ಇಲ್ಲಿ ಸ್ವಸಬಲೀಕರಣ ಎನ್ನುತ್ತಿದ್ದೇನೆ. ಧೈರ್ಯ ಸಾಮಾನ್ಯವಾಗಿ ಇವುಗಳ ಬೆನ್ನಿಗೇ ಬರುತ್ತದೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತವೂ ಇದಕ್ಕೆ ಹತ್ತಿರವಾದದ್ದೇ. 'ಈ ಕೆಲಸ ನನ್ನಿಂದ ಆದೀತು' ಎಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು. ಸ್ವತಃ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಗಟ್ಟಿಯಾದದ್ದು. ತನ್ನಂತಹವರೇ ಮಾಡಿದ್ದನ್ನು ಕಣ್ಣಾರೆ ಕಾಣುವುದು, ನಂಬಿಕಸ್ಥರ ಉತ್ತೇಜನದ ಮಾತು, ಆ ಹೊತ್ತಿನ ದೇಹ ಮತ್ತು ಮನಸ್ಸಿನ ಸ್ಥಿತಿ ಉಳಿದ ಮೂರು. ಮೊಬೈಲಿನಲ್ಲಿ ಹರಿದಾಡುವ ಪ್ರೇರಣಾ ಭಾಷಣಗಳ ಮಿತಿ ಏನೆಂಬುದು ಇದರಿಂದ ಅರ್ಥವಾಗುತ್ತದೆ. ಬರೀ ಮಾತಿನಿಂದ ಬಂದ ಹುರುಪು ಮೊದಲ ಅಡ್ಡಿ ಎದುರಾಗುವಾಗಲೇ ಕರಗಿಹೋಗುತ್ತದೆ. ಒಂದು ಕಚೇರಿಗೆ ಒಬ್ಬರೇ ಹೋಗಿ ಕೆಲಸ ಮುಗಿಸಿಕೊಂಡು ಬಂದ ಅನುಭವ ಹಾಗೆ ಕರಗುವುದಿಲ್ಲ.

ಮೊದಲು ಸಣ್ಣ ಕೆಲಸಗಳು

ಆದ್ದರಿಂದ ಕಷ್ಟ ಬರುವ ಮೊದಲೇ, ಅಥವಾ ಬಂದಾಗಿದ್ದರೆ ಈ ವಾರವೇ, ಇದುವರೆಗೆ ಬೇರೆಯವರ ಕೈಯಲ್ಲಿ ಮಾಡಿಸಿಕೊಳ್ಳುತ್ತಿದ್ದ ಒಂದು ಕೆಲಸವನ್ನು ನೀವೇ ಮಾಡಿ. ನಿಮ್ಮೊಬ್ಬರ ಹೆಸರಿನಲ್ಲಿ ಉಳಿತಾಯ ಖಾತೆ ಇಲ್ಲದಿದ್ದರೆ ತೆರೆಯಿರಿ. ಇದ್ದರೆ ಪಾಸ್‌ಬುಕ್ ತೆಗೆದುಕೊಂಡು ಹೋಗಿ ನಮೂದು ಮಾಡಿಸಿ, ಪ್ರತಿಯೊಂದು ಸಾಲನ್ನೂ ಅರ್ಥವಾಗುವವರೆಗೆ ಓದಿ. ಮನೆಯ ಜಾಗದ ಪಹಣಿ ಯಾರ ಹೆಸರಿನಲ್ಲಿದೆ, ಅದರಲ್ಲಿ ಸಾಲದ ನಮೂದು ಇದೆಯೇ, ಆರೋಗ್ಯ ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರು ಸೇರಿದೆಯೇ, ವಿಮೆಗೆ ನಾಮಿನಿ ಯಾರು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಈ ಮಾಹಿತಿಯನ್ನು ಹುಡುಕಲು ಹೊರಟವರ ಪಾಡು ಏನಾಗುತ್ತದೆ ಎಂಬುದನ್ನು ನೋಡಿದವರಿಗೆ ಈ ಪುಸ್ತಕದ ಬೆಲೆ ತಿಳಿದಿರುತ್ತದೆ.

ಸಣ್ಣ ಮೊತ್ತವನ್ನು ದಿನವೂ ತೆಗೆದಿಡುವ ಶಿಸ್ತಿಗೆ ನಮ್ಮ ಜಿಲ್ಲೆಯಲ್ಲೇ ಹಳೆಯ ಉದಾಹರಣೆಯಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದೇ ಕೈಮಗ್ಗದ ನೇಕಾರರ ಸಂಕಟದ ಕಾಲದಲ್ಲಿ. 1928ರಲ್ಲಿ ಅದು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಇಂದು ಪಿಗ್ಮಿಯಲ್ಲೇ ಕಟ್ಟಬೇಕೆಂದಿಲ್ಲ, ಸ್ವಸಹಾಯ ಸಂಘದ ವಾರದ ಉಳಿತಾಯವೂ ಆದೀತು, ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆರ್.ಡಿ.ಯೂ ಆದೀತು. ಒಂದೆರಡು ತಿಂಗಳ ಮನೆಖರ್ಚಿನಷ್ಟು ಹಣ ಸ್ವಂತ ಖಾತೆಯಲ್ಲಿದ್ದವರು ಕೆಟ್ಟ ಷರತ್ತಿನ ಸಾಲವನ್ನಾಗಲಿ ಕೆಟ್ಟ ಕೆಲಸವನ್ನಾಗಲಿ ಬೇಡವೆನ್ನಬಲ್ಲರು. ಕಡಲಿಗೆ ಹೋಗುವವರಿಗೆ ಈ ಲೆಕ್ಕ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವುದು ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಎಲ್ಲರಿಗೂ ಗೊತ್ತು. ಇಂತಹ ತಿಥಿವಾರ ಗೊತ್ತಿರುವ ಕಷ್ಟಗಳನ್ನು, ಅಂದರೆ ಶಾಲಾ ಶುಲ್ಕ, ಮಳೆಗಾಲದ ಮೊದಲಿನ ಮಾಡಿನ ರಿಪೇರಿ, ಕಂತು ಕಟ್ಟುವ ದಿನ ಮೊದಲಾದವನ್ನು, ಏಪ್ರಿಲ್‌ನಲ್ಲೇ ಬರೆದಿಟ್ಟುಕೊಂಡರೆ ತಲೆಯೊಳಗೆ ಜಾಗ ಉಳಿಯುತ್ತದೆ. ಹೇಳದೆ ಕೇಳದೆ ಬರುವ ಕಷ್ಟಕ್ಕೆ ಆ ಜಾಗ ಬೇಕು.

ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಹೇಳುವಾಗ ನಾವು ಸ್ವಾತಂತ್ರ್ಯ ಹೋರಾಟವನ್ನೂ ಕರಕುಶಲ ಕಲೆಗಳ ಪುನರುಜ್ಜೀವನವನ್ನೂ ನೆನೆಯುತ್ತೇವೆ. ಅವರ ತಾಯಿ ಗಿರಿಜಾಬಾಯಿ ತೆಗೆದುಕೊಂಡ ಒಂದು ನಿರ್ಧಾರವನ್ನು ನೆನೆಯುವವರು ಕಡಿಮೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಇನ್ನೂ ಚಿಕ್ಕವರಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು, ಆಸ್ತಿ ಗಿರಿಜಾಬಾಯಿಯವರ ಮಲಮಗನ ಪಾಲಾಯಿತು, ತಾಯಿ ಮಗಳಿಗೆ ತಿಂಗಳ ಭತ್ಯೆ ಎಂದಾಯಿತು. ಗಿರಿಜಾಬಾಯಿ ಆ ಭತ್ಯೆಯನ್ನು ನಿರಾಕರಿಸಿ, ತವರಿನಿಂದ ತಂದ ಆಸ್ತಿಯ ಆಧಾರದಲ್ಲೇ ಮಗಳನ್ನು ಬೆಳೆಸಿದರು. ಅವರ ಸ್ವಾಭಿಮಾನವನ್ನು ಹೊಗಳುವುದು ಸುಲಭ. ನಿರಾಕರಿಸಿದ ಮೇಲೆ ನಿಲ್ಲಲು ಅವರಿಗೆ ತಮ್ಮದೆಂಬ ನೆಲವಿತ್ತು ಎಂಬುದನ್ನು ಗಮನಿಸುವುದು ನಮಗೆ ಹೆಚ್ಚು ಉಪಯುಕ್ತ. ಬಾಲ್ಯದಲ್ಲೇ ಮದುವೆಯಾಗಿ ಬೇಗನೆ ವಿಧವೆಯಾದ ಮಗಳು ಓದು ಮುಂದುವರಿಸಿ, ಮರುಮದುವೆಯಾಗಿ, 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ತಾಯಿಯನ್ನು ಕಂಡು ಬೆಳೆದವರಿಗೆ ಇಂತಹ ನಿರ್ಧಾರಗಳು ಹೊರಗಿನವರಿಗೆ ಕಂಡಷ್ಟು ಅಸಾಧ್ಯವಾಗಿ ಕಂಡಿರಲಾರವು.

ಸಹಿ ಕೇಳಿದಾಗ

ಕರಾವಳಿಯಲ್ಲಿ ಕುಟುಂಬಗಳನ್ನು ಸದ್ದಿಲ್ಲದೆ ಮುಳುಗಿಸುವ ತೀರ್ಮಾನಗಳಲ್ಲಿ ಜಾಮೀನು ಸಹಿಗೆ ದೊಡ್ಡ ಸ್ಥಾನವಿದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ರಾತ್ರಿ ಊಟದ ಹೊತ್ತಿಗೆ ಹತ್ತಿರದ ನೆಂಟರೊಬ್ಬರು ಬರುತ್ತಾರೆ. ಕೈಯಲ್ಲಿ ಸೊಸೈಟಿಯ ಸಾಲದ ಫಾರ್ಮು, ಸಹಿ ಹಾಕಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನ ಗುರುತು, ಮೊತ್ತ ಬರೆಯುವ ಜಾಗ ಮಾತ್ರ ಖಾಲಿ. "ಸುಮ್ಮನೆ ಒಂದು ಸಹಿ, ನಾಳೆ ಬೆಳಿಗ್ಗೆ ಕೊಡಲೇಬೇಕು, ನಿಮಗೇನೂ ತೊಂದರೆ ಬರುವುದಿಲ್ಲ" ಎನ್ನುತ್ತಾರೆ. ಮುಖದಾಕ್ಷಿಣ್ಯಕ್ಕೆ ಪೆನ್ನು ಕೈಗೆ ಬರುತ್ತದೆ.

1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲ ಕೊಟ್ಟವರು ಮೊದಲು ಸಾಲಗಾರನ ಬೆನ್ನು ಹತ್ತಿ ಸೋತ ಮೇಲೆಯೇ ನಿಮ್ಮ ಬಳಿ ಬರಬೇಕೆಂಬ ನಿಯಮವಿಲ್ಲ. ಆದ್ದರಿಂದ ಆ ರಾತ್ರಿ ಹೇಳಬೇಕಾದದ್ದು ಒಂದೇ ವಾಕ್ಯ: "ಕಾಗದ ಇಲ್ಲೇ ಇರಲಿ, ಓದಿ ನಾಳೆ ಸಂಜೆ ಹೇಳುತ್ತೇನೆ." ಈ ಒಂದು ವಾಕ್ಯವನ್ನು ಅಳುಕಿಲ್ಲದೆ ಹೇಳುವುದನ್ನು ರೂಢಿಸಿಕೊಂಡವರು ಅರ್ಧ ದಾರಿ ನಡೆದಂತೆ. ಮರುದಿನ ಸಾಲದ ಮೊತ್ತ, ಅವಧಿ, ಬಡ್ಡಿ, ಅಡಮಾನಕ್ಕೆ ಏನಿದೆ, ಬೇರೆ ಜಾಮೀನುದಾರರು ಯಾರು, ಹಳೆಯ ಸಾಲ ಬಾಕಿಯಿದೆಯೇ ಎಂಬುದನ್ನು ಸೊಸೈಟಿಯಲ್ಲೇ ಕೇಳಿ ತಿಳಿಯಿರಿ. ನಂತರ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಅವರು ಒಂದು ಕಂತನ್ನೂ ಕಟ್ಟದಿದ್ದರೆ ಈ ಪೂರ್ತಿ ಹಣವನ್ನು ನಾನು ಕಟ್ಟಬಲ್ಲೆನೇ? ಇಲ್ಲವೆಂದಾದರೆ ಸಹಿ ಹಾಕಬಾರದು.

ಬೇಡವೆನ್ನುವಾಗ ನೆಪ ಹುಡುಕಬೇಡಿ. ಆಧಾರ್ ಕಾರ್ಡ್ ಸಿಗುತ್ತಿಲ್ಲ ಎಂದರೆ ಅವರೇ ಬಂದು ಹುಡುಕಿ ಕೊಡುತ್ತಾರೆ, ಗಂಡ ಊರಲ್ಲಿಲ್ಲ ಎಂದರೆ ಗಂಡ ಬರುವ ದಿನವನ್ನು ಕೇಳಿಕೊಂಡು ಹೋಗುತ್ತಾರೆ. "ನಾನು ಯಾರಿಗೂ ಜಾಮೀನು ನಿಲ್ಲುವುದಿಲ್ಲ, ಇದು ನನ್ನ ನಿರ್ಧಾರ" ಎಂದು ಹೇಳಿ, ಸಾಧ್ಯವಿದ್ದರೆ ಮರಳಿ ಬರುವ ನಿರೀಕ್ಷೆಯಿಲ್ಲದೆ ಕೊಡಬಹುದಾದ ಸಣ್ಣ ಮೊತ್ತವನ್ನು ಕೈಯಲ್ಲಿಡಿ. ಕೆಲವು ದಿನ ಮದುವೆಮನೆಗಳಲ್ಲಿ ಮುಖ ತಿರುಗಿಸಿಕೊಂಡಾರು. ಅದನ್ನು ತಾಳಿಕೊಳ್ಳುವುದು ಹತ್ತು ವರ್ಷದ ಕಂತಿಗಿಂತ ಹಗುರ.

ಹಕ್ಕು ಬಿಡುಗಡೆ ಪತ್ರದ ಸಹಿಗೂ ಇದೇ ಕ್ರಮ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ 2005ರ ಸೆಪ್ಟೆಂಬರ್ 9ರಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಮ್ಮಲ್ಲಿ ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ, ಮನೆತನಗಳ ಹಳೆಯ ಆಸ್ತಿಯ ಲೆಕ್ಕ ಇಷ್ಟು ಸರಳವಲ್ಲವಾದ್ದರಿಂದ ಹಳೆಯ ಪಾಲುಪಟ್ಟಿಯನ್ನು ವಕೀಲರಿಗೆ ತೋರಿಸದೆ ಯಾವ ಮಾತನ್ನೂ ಒಪ್ಪಬಾರದು. ವಕೀಲರಿಗೆ ಕೊಡಲು ಹಣವಿಲ್ಲ ಎಂಬುದು ಸಹಿ ಹಾಕಲು ಕಾರಣವಾಗಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದಕ್ಕಾಗಿ ಮಂಗಳೂರು ಮತ್ತು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಅಕ್ಕ ತಂಗಿಯರು ಪ್ರೀತಿಯಿಂದ ಪಾಲು ಬಿಟ್ಟುಕೊಡುವುದು ಅವರ ಇಷ್ಟ. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ತಿಳಿದಿದ್ದಾಗ ಮಾತ್ರ ಅದು ಇಷ್ಟ ಎನ್ನಿಸಿಕೊಳ್ಳುತ್ತದೆ.

ಎರಡು ದಾರಿಗಳ ನಡುವೆ

ಆಯ್ಕೆ ಕಠಿಣವಾಗಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಒಳ್ಳೆಯದು ಎಂಬುದಲ್ಲ, ಯಾವುದರಿಂದ ಹಿಂದೆ ಬರಲು ಸಾಧ್ಯ ಎಂಬುದು. ಕೆಲಸ ಬದಲಿಸುವುದು, ಬಾಡಿಗೆ ಮನೆಗೆ ಹೋಗುವುದು, ಆರು ತಿಂಗಳ ಕೋರ್ಸಿಗೆ ಸೇರುವುದು ಇವುಗಳಿಂದ ಸ್ವಲ್ಪ ನಷ್ಟದೊಂದಿಗೆ ಮರಳಬಹುದು; ಇಂತಹವನ್ನು ತಿಂಗಳುಗಟ್ಟಲೆ ಜಗ್ಗಾಡದೆ ಮಾಡಿ ನೋಡುವುದೇ ಲೇಸು. ಜಾಗ ಮಾರಾಟ, ನೋಂದಾಯಿತ ಪತ್ರ, ಮನೆ ಅಡವಿಟ್ಟು ಮಾಡುವ ವ್ಯಾಪಾರ, ಮಗಳ ಓದು ಬಿಡಿಸಿ ಮಾಡುವ ಮದುವೆ ಇವುಗಳಿಂದ ಮರಳುವ ದಾರಿ ಬಹಳ ಕಿರಿದು; ಇಲ್ಲಿ ಎಷ್ಟು ಆತುರಪಡಿಸುತ್ತಾರೋ ಅಷ್ಟು ನಿಧಾನಿಸಬೇಕು.

ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದ ಜಾಗದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದ ಕಥೆ, 2022ರಲ್ಲಿ ಪದ್ಮಶ್ರೀ ಬಂದ ಮೇಲೆ, ಎಲ್ಲರಿಗೂ ಗೊತ್ತಾಗಿದೆ. ಅದನ್ನು ಛಲದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಅವರು ಕೂಲಿ ಕೆಲಸವನ್ನು ಬಿಡಲಿಲ್ಲ. ತೋಟದ ಕೆಲಸ ಮುಗಿಸಿ ಬಂದು ಉಳಿದ ಹೊತ್ತಿನಲ್ಲಿ ಕೊರೆದರು. ಹಲವು ಸುರಂಗಗಳಲ್ಲಿ ನೀರು ಸಿಗದಾಗಲೂ ಒಲೆ ಆರಲಿಲ್ಲ. ದೊಡ್ಡ ಹೆಜ್ಜೆ ಇಡುವಾಗ ಅದು ವಿಫಲವಾದರೂ ಅನ್ನಕ್ಕೆ ಕುತ್ತು ಬಾರದಂತೆ ಇಡುವುದನ್ನು ಅವರಿಂದ ಕಲಿಯಬಹುದು.

ಗಲ್ಫ್‌ಗೆ ಹೋಗುವ ತೀರ್ಮಾನಕ್ಕೂ ಇದು ಅನ್ವಯಿಸುತ್ತದೆ. ಏಜೆಂಟ್ ನೋಂದಾಯಿತನೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎನ್ನುವವರಿಗೆ ಚಿನ್ನ ಅಡವಿಟ್ಟ ಹಣವನ್ನು ಕೊಡಬೇಡಿ.

ನಮ್ಮಲ್ಲಿ ಅನೇಕರು ಇಂತಹ ಹೊತ್ತಿನಲ್ಲಿ ಜೋಯಿಸರ ಬಳಿ ಪ್ರಶ್ನೆ ಇಡಿಸುತ್ತಾರೆ, ದೈವದ ನುಡಿಗೆ ಕಾಯುತ್ತಾರೆ, ಸಮುದಾಯದ ಮುಖ್ಯಸ್ಥರಾದ ಗುರಿಕಾರರನ್ನೋ ಚರ್ಚಿನ ಧರ್ಮಗುರುಗಳನ್ನೋ ಕಾಣುತ್ತಾರೆ. ಮನಸ್ಸಿಗೆ ನೆಮ್ಮದಿ ಕೊಡುವ ಯಾವುದನ್ನೂ ನಾನು ಹೀಗಳೆಯುವುದಿಲ್ಲ. ಆದರೆ ಕರಾರುಪತ್ರವನ್ನು ಓದುವ ಕೆಲಸ ದೈವದ್ದಲ್ಲ, ನಮ್ಮದೇ; ಓದಿದ ಮೇಲೆ ಹೋಗಿ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. 'ಎಲ್ಲವೂ ನಿನ್ನ ಕೈಯಲ್ಲೇ ಇದೆ' ಎಂಬ ಮಾತು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದವನಿಗೆ, ಮನೆಯಲ್ಲಿ ಹೊಡೆತ ತಿನ್ನುವವಳಿಗೆ ಕ್ರೂರವಾಗಿ ಕೇಳಿಸುತ್ತದೆ. ಅವರ ಕಷ್ಟಕ್ಕೆ ಅವರ ಮನೋಬಲದ ಕೊರತೆ ಕಾರಣವಲ್ಲ. ಸಹಾಯ ಕೇಳುವುದೂ ಸಬಲತೆಯ ಭಾಗವೇ: ಹಿಂಸೆಯಲ್ಲಿರುವ ಮಹಿಳೆಯರಿಗೆ 181, ತುರ್ತಿಗೆ 112 ಇದೆ. ಸತತವಾಗಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕೆನಿಸುತ್ತಿದ್ದರೆ ಯಾವ ತೀರ್ಮಾನವನ್ನೂ ಆ ವಾರ ತೆಗೆದುಕೊಳ್ಳದೆ 14416ಕ್ಕೆ, ಅಂದರೆ ಟೆಲಿ-ಮಾನಸ್‌ಗೆ, ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ತೀರ್ಮಾನ ಮಾಡಿದ ದಿನ ಆ ಪುಸ್ತಕದಲ್ಲೇ ಕಾರಣಗಳನ್ನು ಬರೆದು, ಯಾವ ಪರಿಸ್ಥಿತಿ ಬಂದರೆ ಅದನ್ನು ಬದಲಿಸುತ್ತೇನೆ ಎಂಬುದನ್ನೂ ದಿನಾಂಕ ಸಮೇತ ಬರೆಯಿರಿ. ಅಂಗಡಿ ಇಟ್ಟವರು ದೀಪಾವಳಿಯವರೆಗೆ ಬಾಡಿಗೆಯಷ್ಟೂ ಹುಟ್ಟದಿದ್ದರೆ ಮುಚ್ಚುತ್ತೇನೆಂದು ಬರೆದಿಟ್ಟರೆ, ಮುಚ್ಚಬೇಕಾದಾಗ ಅದು ಸೋಲೆಂದು ಕೊರಗುತ್ತಾ ಇನ್ನೊಂದು ಸಾಲ ತೆಗೆಯುವುದು ತಪ್ಪುತ್ತದೆ. ಬರೆದ ಪುಟವನ್ನು ಮನೆಯಲ್ಲಿ ಇನ್ನೊಬ್ಬರಿಗೆ ಓದಿ ಹೇಳಿ, ಆ ದಿನಾಂಕವನ್ನು ಅವರ ಮೊಬೈಲಿನಲ್ಲೂ ಗುರುತು ಹಾಕಿಸಿ.