ಬಾಗಿಲ ಹೊರಗೆ ನಿಂತ ಹಿರಿಯ ಮಗ: ಸಾಮ್ಯಗಳನ್ನು ಆಡಿಸಿದ ನನ್ನ ಅನುಭವ

ಒಳಗೆ ಹಾಡು, ಕುಣಿತ: ತನ್ನ ಪಾಲಿನ ಆಸ್ತಿಯನ್ನು ಹಾಳುಮಾಡಿ ಮನೆಗೆ ಮರಳಿದ ಕಿರಿಯ ಮಗನಿಗಾಗಿ ತಂದೆ ಇಟ್ಟ ಔತಣ. ಹಿರಿಯ ಮಗ ಸಿಟ್ಟಿನಿಂದ ಬಾಗಿಲ ಹೊರಗೆ ನಿಂತಿದ್ದಾನೆ. ತಂದೆ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ, ಅದರಲ್ಲಿ ಯೇಸು ಹೇಳಿದ ಈ ಸಾಮ್ಯ (ಬೋಧನೆಗಾಗಿ ಹೇಳಿದ ಕಥೆ) ಅಲ್ಲಿಗೆ ಮುಗಿಯುತ್ತದೆ. ಮಗ ಒಳಗೆ ಹೋದನೋ ಇಲ್ಲವೋ ಎಂದು ಯೇಸು ಹೇಳುವುದೇ ಇಲ್ಲ. ಚರ್ಚಿನಲ್ಲಿ ನಾಟಕ ಮಾಡಿಸುವ ನಾವು ಮಾತ್ರ ಅಲ್ಲೊಂದು ಅಪ್ಪುಗೆ ಸೇರಿಸಿ, ಹಾಡು ಹಾಡಿಸಿ, ಪರದೆ ಎಳೆಯುತ್ತೇವೆ. ಎಂಟು ವರ್ಷ ನಾನೂ ಎಳೆದೆ. ಅದನ್ನು ಬಿಟ್ಟ ಮೇಲೆಯೇ ನನ್ನ ಕೆಲಸ ಕೈಗೂಡಿತು.

ಮೊದಲು ಸೋಲಿನ ಲೆಕ್ಕ. ನನ್ನ ಅತಿ ದೊಡ್ಡ ನಾಟಕ ಯೇಸುವಿನ ಶ್ರಮೆಯ, ಅಂದರೆ ಅವನ ಬಂಧನದಿಂದ ಶಿಲುಬೆಯ ಮರಣದವರೆಗಿನ ಕಥೆ. ನಲವತ್ತಕ್ಕೂ ಹೆಚ್ಚು ಪಾತ್ರಗಳು, ಐದು ತಿಂಗಳ ತಾಲೀಮು. ಕೂಡಿಸಿದ ಹಣದಲ್ಲಿ ಹತ್ತಕ್ಕೆ ಆರೋ ಏಳೋ ಪಾಲು ರೋಮನ್ ಸೈನಿಕರ ಕವಚಕ್ಕೂ ದೀಪಗಳಿಗೂ ಹೋಯಿತು. ಉಳಿದ ಸಾಲವನ್ನು ಎರಡು ವರ್ಷ ನನ್ನ ಕೈಯಿಂದಲೇ ತೀರಿಸಿದೆ. ಜನ ಬಿಕ್ಕಿ ಬಿಕ್ಕಿ ಅತ್ತರು. ಆಸ್ತಿಯ ವಿಚಾರಕ್ಕೆ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರೂ ಅತ್ತರು. ಮುಂದಿನ ಭಾನುವಾರ ಇಬ್ಬರೂ ಎಂದಿನಂತೆ ಒಬ್ಬರು ಎಡಸಾಲಿನಲ್ಲಿ, ಒಬ್ಬರು ಬಲಸಾಲಿನಲ್ಲಿ ಕುಳಿತಿದ್ದರು. ಯೌವನದಲ್ಲಿ ಕಾರ್ತೇಜ್ ಪಟ್ಟಣದಲ್ಲಿ ನೋಡಿದ ನಾಟಕಗಳನ್ನು ನೆನೆದು ಹಳೆಯ ಕಾಲದ ಕ್ರೈಸ್ತ ಚಿಂತಕ ಅಗಸ್ಟೀನ ಪಶ್ಚಾತ್ತಾಪದಿಂದ ಬರೆದದ್ದೂ ಇದನ್ನೇ: ರಂಗದ ಮೇಲಿನ ದುಃಖ ನಮ್ಮನ್ನು ನೆರವಿಗೆ ಕರೆಯುವುದಿಲ್ಲ, ಬರೀ ಮರುಗುವುದಕ್ಕೆ ಕರೆಯುತ್ತದೆ. ಆ ಸಾಲು ನನಗೆ ಚುಚ್ಚಿತು. ಅಷ್ಟು ಹಣ ಸುರಿದು ನಾನು ಮಾಡಿಸಿದ್ದು ಅಷ್ಟೇ.

ಅದೇ ನಾಟಕದಲ್ಲಿ ಇನ್ನೊಂದು ತಪ್ಪೂ ಇತ್ತು. ಯೇಸುವಿನ ಸಾವಿನ ಹೊಣೆ ನಮ್ಮದೇ ಎನ್ನುವ ಮತ್ತಾಯ 27:25ರ ‘ಅವನ ರಕ್ತ ನಮ್ಮ ಮೇಲೆ’ ಎಂಬ ಮಾತನ್ನು ಯೆಹೂದಿ ವೇಷದ ಗುಂಪಿನ ಬಾಯಲ್ಲಿ ಅಬ್ಬರದಿಂದ ಕೂಗಿಸಿದ್ದೆ. ಆ ಒಂದು ವಾಕ್ಯ ಶತಮಾನಗಳ ಕಾಲ ಯೆಹೂದ್ಯರ ಮೇಲಿನ ದ್ವೇಷಕ್ಕೆ ನೆಪವಾಗಿತ್ತು. 1634ರಿಂದ ಈ ಕಥೆಯನ್ನು ಆಡುತ್ತ ಬಂದಿರುವ ಜರ್ಮನಿಯ ಒಬರಾಮರ್‌ಗೌ ಹಳ್ಳಿಯವರೂ ತಮ್ಮ ಪಠ್ಯವನ್ನು ತಿದ್ದಬೇಕಾಯಿತು. ನಾನು ಆ ವೇಷಗಳನ್ನೇ ತೆಗೆದುಹಾಕಿದೆ. ಈಗ ‘ಶಿಲುಬೆಗೆ ಹಾಕಿಸು’ ಎಂದು ಕೂಗಬೇಕಾದವರು ಬೆಂಚಿನಲ್ಲಿ ಕುಳಿತ ಸಭೆಯವರೇ. ಕೂಗು ಸಣ್ಣದಾಗುತ್ತದೆ, ಆದರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತದೆ.

ಖರ್ಚಿಲ್ಲದ ಪ್ರಯೋಗಗಳು ಶುರುವಾದದ್ದು ಆಮೇಲೆ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ, ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಇಬ್ಬರು ದಾಟಿಹೋಗುತ್ತಾರೆ, ಸಮಾರ್ಯ ಸೀಮೆಯವನೊಬ್ಬ ನಿಂತು ಉಪಚರಿಸುತ್ತಾನೆ. ಎಲ್ಲರಿಗೂ ಸಮಾರ್ಯದವನ ಪಾತ್ರವೇ ಬೇಕು. ಹೀಗಾಗಿ ಅದನ್ನು ಗಾಯಗೊಂಡವನ ಕಿವಿಯಿಂದ ಆಡಿಸಿದೆ. ಸಭೆಯವರೆಲ್ಲ ಕಣ್ಣು ಮುಚ್ಚಬೇಕು. ಕೇಳಿಸುವುದು ಹೆಜ್ಜೆಯ ಸದ್ದು ಮಾತ್ರ. ಮೊದಲ ಹೆಜ್ಜೆ ಹತ್ತಿರ ಬಂದು, ತಡೆದು, ಆಚೆ ಬದಿಗೆ ಸರಿದು ಹೋಗುತ್ತದೆ. ಎರಡನೆಯದೂ ಹಾಗೆಯೇ. ಮೂರನೆಯದು ನಿಲ್ಲುತ್ತದೆ. ಅಷ್ಟೇ ನಾಟಕ. ‘ನನ್ನ ನೆರೆಯವನು ಯಾರು?’ ಎಂದು ಧರ್ಮಶಾಸ್ತ್ರಿ ಕೇಳಿದ ಪ್ರಶ್ನೆಯನ್ನು ಯೇಸು ತಿರುಗಿಸಿ, ಬಿದ್ದವನಿಗೆ ನೆರೆಯವನಾದದ್ದು ಯಾರು ಎಂದು ಕೇಳಿದ್ದು ಏಕೆಂದು ನನಗೇ ಅಂದು ಹೊಳೆಯಿತು. ಚರ್ಮದ ಚಪ್ಪಲಿಯಲ್ಲಿ ಸದ್ದು ಸರಿಯಾಗಿ ಬರಲಿಲ್ಲ. ಮರದ ಅಟ್ಟೆ ಹಾಕಿಸಿದ ಮೇಲೆ ಬಂತು. ಮುಖವಾಡಗಳನ್ನೂ ಪ್ರಯತ್ನಿಸಿದೆ, ದಕ್ಕಲಿಲ್ಲ, ಬಿಟ್ಟೆ.

ಇಷ್ಟರಲ್ಲಿ ವಿರೋಧ ಎದ್ದಿತು. ಸಭೆಯ ಹಿರಿಯರೊಬ್ಬರು ಆದಿ ಕ್ರೈಸ್ತ ಲೇಖಕ ತೆರ್ತುಲಿಯನನನ್ನು ಮುಂದಿಟ್ಟರು: ಸುಮಾರು ಕ್ರಿ.ಶ. 200ರ ಹೊತ್ತಿಗೇ ಆತ ಕ್ರೈಸ್ತರಿಗೆ ನಾಟಕ, ಕಣದ ಆಟ ಯಾವುದೂ ಸಲ್ಲದು ಎಂದಿದ್ದ. ಸುವಾರ್ತೆಯಲ್ಲಿ ‘ಕಪಟಿ’ ಎಂದಿರುವ ಗ್ರೀಕ್ ಪದಕ್ಕೆ ನಟ ಎಂಬ ಅರ್ಥವೂ ಉಂಟಲ್ಲ ಎಂದರು. ನಿಜವೇ. ಆದರೆ ಯೇಸು ಬೈದದ್ದು ತಾನು ನಟಿಸುತ್ತಿದ್ದೇನೆಂಬುದನ್ನು ಬಚ್ಚಿಟ್ಟವರನ್ನು. ರಂಗದ ಮೇಲಿನವನು ಅದನ್ನು ಬಚ್ಚಿಡುವುದಿಲ್ಲ. ಅಲ್ಲದೆ ಹತ್ತನೇ ಶತಮಾನದಲ್ಲಿ ಆರಾಧನೆಯ ನಡುವೆಯೇ ನಾಟಕ ಮೊಳೆತಿತ್ತು. ಇಂಗ್ಲೆಂಡಿನ ಸನ್ಯಾಸಿಗಳಿಗಾಗಿ ಸುಮಾರು 970ರಲ್ಲಿ ಬರೆದ ನಿಯಮದಲ್ಲಿ ಈಸ್ಟರ್ ಬೆಳಗಿನ ಸೂಚನೆ ಇದೆ: ಒಬ್ಬ ಸನ್ಯಾಸಿ ದೇವದೂತನಾಗಿ ತಾಳೆಗರಿ ಹಿಡಿದು ಯೇಸುವಿನ ಸಮಾಧಿಯ ಬಳಿ ಸುಮ್ಮನೆ ಕೂರಬೇಕು, ಅಲ್ಲಿಗೆ ಬಂದ ಹೆಂಗಸರಾಗಿ ಮೂವರು ಧೂಪ ಹಿಡಿದು, ಏನನ್ನೋ ಹುಡುಕುವವರಂತೆ ಅಳುಕುತ್ತ ಹೆಜ್ಜೆ ಇಡಬೇಕು, ಆಗ ಅವನು ‘ಯಾರನ್ನು ಹುಡುಕುತ್ತೀರಿ?’ ಎಂದು ಹಾಡಬೇಕು. ‘ದುಃಖಪಡಿರಿ’ ಎಂದು ಎಲ್ಲಿಯೂ ಇಲ್ಲ, ಹೇಗೆ ನಡೆಯಬೇಕೆಂದಷ್ಟೇ ಇದೆ. ಅಂದಿನಿಂದ ನನ್ನ ನಟರಿಗೆ ನಾನು ಭಾವ ಹೇಳಿಕೊಡುವುದಿಲ್ಲ, ನಡಿಗೆ ಹೇಳಿಕೊಡುತ್ತೇನೆ.

ಇನ್ನು ಹಿರಿಯ ಮಗನ ವಿಷಯ. ಪ್ರೇಕ್ಷಕರೇ ಎದ್ದು ಬಂದು ನಟನ ಜಾಗದಲ್ಲಿ ನಿಲ್ಲುವ ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ ಅವರ ಪದ್ಧತಿಯನ್ನು ಇಲ್ಲಿ ಹಿಡಿದೆ. ಮೊದಲು ನಾನು ಯಾರ ಜಾಗಕ್ಕೆ ಯಾರು ಬೇಕಾದರೂ ಬರಲಿ ಎಂದು ಬಿಟ್ಟೆ. ಬಂದವರೆಲ್ಲ ತಂದೆಯಾದರು! ಒಬ್ಬರು ಕಿರಿಯ ಮಗನಿಂದ ಖರ್ಚಿನ ಲೆಕ್ಕ ಕೇಳಿದರು, ಇನ್ನೊಬ್ಬರು ಮೂರು ವರ್ಷ ಆಳಾಗಿ ದುಡಿ ಎಂದರು. ಸಾಮ್ಯ ಹೋಗಿ ಪಂಚಾಯಿತಿ ಆಯಿತು. ಮೂರು ಪ್ರದರ್ಶನ ಹೀಗೆ ಹಾಳಾದವು. ಆಗ ಒಂದು ಕಟ್ಟು ಹಾಕಿದೆ: ತಂದೆಯ ಪಾತ್ರವನ್ನು ಯಾರೂ ಮುಟ್ಟುವಂತಿಲ್ಲ. ಕೃಪೆ ತಿದ್ದುಪಡಿಗೆ ಸಿಗುವ ವಸ್ತುವಲ್ಲ. ಅದು ಆಗಲೇ ಮನೆಯಿಂದ ಹೊರಗೆ ಬಂದು ನಿಂತಿದೆ. ನಮ್ಮ ಪಾಲಿಗಿರುವುದು ಅದಕ್ಕೆ ಕೊಡುವ ಉತ್ತರ. ನನ್ನ ಮಟ್ಟಿಗೆ ದೇವಶಾಸ್ತ್ರಕ್ಕೂ ನೀತಿಶಾಸ್ತ್ರಕ್ಕೂ ಇರುವ ನಂಟು ಅಷ್ಟೇ, ಅದು ಬಿಗಿಯಾದದ್ದು ಆ ಒಂದು ಕಟ್ಟಿನಿಂದ.

ಕಟ್ಟು ಹಾಕಿದ ಮೇಲಿನ ಮೊದಲ ಪ್ರದರ್ಶನದಲ್ಲಿ ಮೂರು ನಾಲ್ಕು ನಿಮಿಷ ಯಾರೂ ಏಳಲಿಲ್ಲ. ನಿಮಗೆ ಗೊತ್ತು, ರಂಗದ ಮೇಲೆ ಅದು ಯುಗ. ಕೊನೆಗೆ ನಡುವಯಸ್ಸಿನ ಹೆಂಗಸೊಬ್ಬರು ಬಂದು ಬಾಗಿಲ ಚೌಕಟ್ಟಿಗೆ ಕೈಯಾನಿಸಿ ನಿಂತರು. “ನಾನು ಒಳಗೆ ಬರುವುದಿಲ್ಲ ಅಪ್ಪಾ. ಇಷ್ಟು ವರ್ಷದಲ್ಲಿ ನೀನು ನನ್ನನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲು” ಎಂದರು. ನಾನು ಹೇಳಿಕೊಟ್ಟಿದ್ದಂತೆಯೇ, ತಂದೆಯ ಪಾತ್ರದವನು ಏನೂ ಮಾತಾಡಲಿಲ್ಲ. ಹೊಸ್ತಿಲ ಹೊರಗೆ, ಅವರ ಕಾಲ ಬಳಿ ನೆಲದ ಮೇಲೆ ಕುಳಿತ. ಬಹಳ ಹೊತ್ತಿನ ಮೇಲೆ ಅವರೂ ಪಕ್ಕದಲ್ಲಿ ಕುಳಿತರು. ಆ ದಿನ ಯಾರೂ ಅಳಲಿಲ್ಲ. ಹಾಡೂ ಇಲ್ಲದೆ ಸಭೆ ಮುಗಿಯಿತು, ಆದರೂ ಅರ್ಧ ಗಂಟೆ ಒಬ್ಬರೂ ಮನೆಗೆ ಹೊರಡಲಿಲ್ಲ.

ಇಲ್ಲಿಯವರೆಗೆ ಹದಿನಾಲ್ಕೋ ಹದಿನೈದೋ ಪ್ರದರ್ಶನವಾಗಿವೆ. ಎರಡರಲ್ಲಿ ಮಾತ್ರ ಯಾರೂ ಏಳಲಿಲ್ಲ. ಎಲ್ಲ ಸೇರಿದರೂ ಖರ್ಚು ಆ ದೊಡ್ಡ ನಾಟಕದ ಇಪ್ಪತ್ತರಲ್ಲಿ ಒಂದು ಪಾಲು ಆಗಿಲ್ಲ. ಮೂರೇ ನಟರು, ಒಂದು ಬಾಗಿಲು. ತೆರ್ತುಲಿಯನನನ್ನು ತಂದಿದ್ದ ಹಿರಿಯರು ಹೋದ ವರ್ಷ ತಾವೇ ಮುಂದೆ ನಿಂತು ದಿನಾಂಕ ಗೊತ್ತುಮಾಡಿದರು. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ. ಆ ಮೌನದಲ್ಲಿ ನಾನು ಸಭೆಗೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಳಗಿನ ಹಾಡನ್ನು ಯಾವ ಕ್ಷಣದಲ್ಲಿ ನಿಲ್ಲಿಸಬೇಕು ಎಂಬುದನ್ನೂ.

ಈಗ ಬೈಬಲಿನ ಪ್ರವಾದಿ ಯೋನನನ್ನು ಹಿಡಿದಿದ್ದೇನೆ, ನಿನೆವೆ ಪಟ್ಟಣವನ್ನು ದೇವರು ನಾಶಮಾಡದೆ ಉಳಿಸಿದನೆಂದು ಸಿಟ್ಟಾದವನು. ಆ ಪುಸ್ತಕ ಮುಗಿಯುವುದೂ ಪ್ರಶ್ನೆಯಲ್ಲೇ: ಇಷ್ಟು ದೊಡ್ಡ ನಿನೆವೆಗಾಗಿ ನಾನು ಕನಿಕರಪಡಬಾರದೋ ಎಂದು ದೇವರೇ ಕೇಳುತ್ತಾನೆ. ತೊಡಕಿರುವುದು ಯೋನನಿಗೆ ನೆರಳು ಕೊಡುವ ಗಿಡದಲ್ಲಿ, ಅದು ಎಲ್ಲರ ಕಣ್ಣೆದುರೇ ಒಣಗಬೇಕು. ಸದ್ಯಕ್ಕೆ ಯೋನನ ತಲೆಯ ಮೇಲೆ ಕೊಡೆ ಹಿಡಿದ ಹುಡುಗನೊಬ್ಬ ಮೆಲ್ಲನೆ ಹಿಂದಕ್ಕೆ ಸರಿಯುತ್ತಾನೆ.