ಮಡಚುವ ವರ್ಕ್‌ಬೆಂಚಿಗೆ ಹಲಗೆ ಯಾವುದು ಹಾಕಬೇಕು?

ಕಡಿಮೆ ಖರ್ಚಲ್ಲಿ ಬಾಳಿಕೆ ಬೇಕಂದ್ರೆ ಶಟರಿಂಗ್ ಪ್ಲೈ ನೋಡಿ. ಸೆಂಟ್ರಿಂಗ್ ಕೆಲಸಕ್ಕೆ, ಅಂದ್ರೆ ಕಾಂಕ್ರೀಟ್ ಸುರಿಯುವ ಅಚ್ಚಿಗೆ ಬಳಸುವ, ಎರಡೂ ಮೈಗೆ ಕಂದು ಫಿಲ್ಮ್ ಅಂಟಿಸಿದ ಹಲಗೆ. ನೀರಿಗೆ ಜಗ್ಗಲ್ಲ, ಚೆಲ್ಲಿದ ಫೆವಿಕಾಲ್ ಒಣಗಿದ ಮೇಲೆ ಸಿಪ್ಪೆ ಥರ ಎದ್ದು ಬರುತ್ತೆ. 18 ಎಂಎಂ ದಪ್ಪದ 4×2 ಅಡಿ ತುಂಡು ಸುಮಾರು 9ರಿಂದ 12 ಕೆಜಿ, ಒಬ್ಬರೇ ಎತ್ತಬಹುದು. 12 ಎಂಎಂ ಹಗುರ, ಆದ್ರೆ ಸುತ್ತಿಗೆ ಹೊಡೆದಾಗ ಕುಣಿಯುತ್ತೆ. ಅದರ ಅಡಿಯಲ್ಲಿ ಮರದ ಪಟ್ಟಿ ಕೊಡಲೇಬೇಕು.

ಸೆಕೆಂಡ್ ಹ್ಯಾಂಡ್ ಹಲಗೆ ಇನ್ನೂ ಅಗ್ಗ. ಕೊಳ್ಳುವ ಮುಂಚೆ ಅಂಚು ನೋಡಿ: ಪದರ ಬಾಯಿ ಬಿಟ್ಟಿದ್ರೆ ಬೇಡ. ಕೊಯ್ಯುವ ಮೊದಲು ಸಿಮೆಂಟ್ ಕೆರೆದು, ಒಳಗೆ ಮುರಿದು ಉಳಿದ ಮೊಳೆ ಕಿತ್ತು ಹಾಕಿ, ಇಲ್ಲಾಂದ್ರೆ ಬ್ಲೇಡ್ ಹಲ್ಲು ಹೋಯ್ತು ಅಂತಲೇ.

ಕೊಯ್ದ ಅಂಚೇ ಇದರ ದುರ್ಬಲ ಜಾಗ. ನೀರು ಅಲ್ಲಿಂದಲೇ ಒಳಗೆ ಹೋಗೋದು. ಎನಾಮೆಲ್ ಪೇಂಟ್ ಎರಡು ಕೋಟ್ ಹೊಡೀರಿ, ಸ್ಕ್ರೂ ತೂತಿಗೂ ಒಂದು ತೊಟ್ಟು.

ಫಿಲ್ಮ್ ಜಾರುತ್ತೆ ಅನ್ನೋದು ನಿಜವಾದ ತೊಂದರೆ. ಅದಕ್ಕೆ ಮೇಲೊಂದು 6 ಎಂಎಂ ಎಂಡಿಎಫ್ (ಮರದ ನಾರು ಅಂಟಲ್ಲಿ ಒತ್ತಿ ಮಾಡಿದ ಹಲಗೆ) ಹಾಸಿ. ಅಂಟು ಹಾಕಬೇಡಿ, 20 ಎಂಎಂ ಸ್ಕ್ರೂ ಆರು ಸಾಕು, ತಲೆ ಮೈಮಟ್ಟಕ್ಕಿಂತ ಕೆಳಗೆ ಇಳಿದಿರಲಿ. ಡ್ರಿಲ್ ಗಾಯ, ಗರಗಸದ ಗೀರು ಎಲ್ಲ ಅದಕ್ಕೇ ಬೀಳಲಿ, ಹಾಳಾದಾಗ ತಿರುಗಿಸಿ ಹಾಕಿ.

ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಲ್ಲಿ ಒತ್ತಿ ಮಾಡಿದ ಹಲಗೆ) ಮಾತ್ರ ಪುಕ್ಕಟೆ ಸಿಕ್ಕರೂ ಬೇಡ. ಒದ್ದೆಯಾದ್ರೆ ಉಬ್ಬುತ್ತೆ, ಪದೇ ಪದೇ ಬಿಚ್ಚಿ ಹಾಕಿದ್ರೆ ಸ್ಕ್ರೂ ಹಿಡಿತವೇ ಇರಲ್ಲ.