ಹಾಲಿನ ದುಡ್ಡು ಕರೆದವರ ಖಾತೆಗೆ: ನನ್ನ ಅನುಭವ

"ಡೇರಿ ಖಾತೆ ಹೆಂಗಸರ ಹೆಸರಿಗೆ ಆಗೋ ಮಾತಲ್ಲ" ಎಂದು ನಮ್ಮ ಜೊತೆ ಓಡಾಡುವವರೇ ಹೇಳಿದ್ದರು. ಈಗ ಮದ್ದೂರು ತಾಲ್ಲೂಕಿನ ನಾಲ್ಕು ಊರುಗಳಲ್ಲಿ ಹತ್ತಿರ ಹತ್ತಿರ 140 ಮನೆಗಳ ಬಟವಾಡೆ, ಅಂದರೆ ಡೇರಿ ಕೊಡುವ ಹಾಲಿನ ದುಡ್ಡು, ಹೆಂಗಸರ ಖಾತೆಗೇ ಬೀಳುತ್ತಿದೆ.

ಮೊದಲ ವರ್ಷ ಇದರ ಪ್ರಚಾರಕ್ಕೆ ಹಾಕಿದ ದುಡ್ಡೆಲ್ಲ ನೀರಿಗೆ ಹೋಯಿತು. ಬೀದಿನಾಟಕ ಆರು ಕಡೆ, ಒಂದಕ್ಕೆ 7,000ದಂತೆ. ಮಾರ್ಚ್ 8ರ ಮಹಿಳಾ ದಿನದ ಸಭೆಗೆ ಶಾಮಿಯಾನ, ಊಟ, ಫ್ಲೆಕ್ಸ್ ಸೇರಿ 30,000 ಚಿಲ್ಲರೆ. ಭಾಷಣ ಇಟ್ಟಿದ್ದು ಸಂಜೆ ಐದೂವರೆಗೆ, ಸರಿಯಾಗಿ ಹಾಲು ಕರೆಯುವ ಹೊತ್ತಿಗೆ. ಮುಂದೆ ಕೂತವರೆಲ್ಲ ಗಂಡಸರು.

ಆಮೇಲೆ ಮೈಕು ಬಿಟ್ಟು ಬೆಳಗ್ಗೆ ಆರೂವರೆಗೆ ಡೇರಿ ಸಾಲಲ್ಲಿ ನಿಂತೆ. ಕ್ಯಾನು ಹಿಡಿದವರಲ್ಲಿ ಹೆಂಗಸರೇ ಹೆಚ್ಚು, ಚೀಟಿಯಲ್ಲಿ ಮಾತ್ರ ಗಂಡನ ಹೆಸರು. ಒಬ್ಬಾಕೆ ಸೆರಗಿಗೆ ಕೈ ಒರೆಸಿಕೊಂಡು ಚೀಟಿ ತೋರಿಸಿದಳು: ಐದೂವರೆ ಲೀಟರು, ಫ್ಯಾಟು 4.2. ಬಟವಾಡೆ ಎಷ್ಟು ಬಂತು ಎಂದೆ. "ಅದ್ನ ಅವ್ರನ್ನೇ ಕೇಳ್ಬೇಕು ಕಣಕ್ಕ. ನಂಗೆ ಮೇವಿಗೆ ಅಂತ ಇನ್ನೂರು ಕೊಡ್ತಾರೆ." ಆ ಮನೆಯಿಂದಲೇ ಶುರು ಮಾಡಿದೆ.

ಮಾಡುವುದು ಇಷ್ಟೇ: ಹದಿನೈದು ದಿನದ ಚೀಟಿಗಳನ್ನು ನೋಟ್‌ಬುಕ್ಕಿಗೆ ಅಂಟಿಸಿ, ಹಿಂಡಿ-ಬೂಸಾ ಖರ್ಚು ಕಳೆದು, ಲೀಟರಿಗೆ 5 ರೂಪಾಯಿ ಸರ್ಕಾರಿ ಪ್ರೋತ್ಸಾಹಧನ ಸೇರಿಸಿ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಓದುವುದು. ಮೊದಲ ಎಂಟು ಮನೆಗಳಲ್ಲಿ ಗಂಡನನ್ನು ಬಿಟ್ಟು ಮಾತಾಡಿದ್ದೆ. ಜಗಳವಾಯಿತು, ಒಂದು ಮನೆಯಲ್ಲಿ ಆಕೆಗೆ ಏಟೂ ಬಿತ್ತು. ಆ ತಪ್ಪು ನನ್ನದು, ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಕೆಲಸ ಸಲೀಸಾಯಿತು. 2,000 ರೂಪಾಯಿಗಾಗಿ ಬಹಳಷ್ಟು ಜನ ಆಧಾರ್ ಜೋಡಿಸಿದ ಖಾತೆ ಮಾಡಿಸಿಕೊಂಡಿದ್ದರು. ಡೇರಿ ಖಾತೆ ಹೆಂಗಸರ ಹೆಸರಿಗೆ ಮಾಡಿಸಲು ಸಂಘದ ಷೇರು ಹಣ, ಜೆರಾಕ್ಸು, ಫೋಟೊ ಎಲ್ಲ ಸೇರಿ ಮನೆಗೆ 250-300. ಒಂದು ಬೀದಿನಾಟಕದ ದುಡ್ಡಲ್ಲಿ ಇಪ್ಪತ್ತೈದು ಮನೆ! ಹಟ ಹಿಡಿದಿದ್ದ ಒಬ್ಬ ಡೇರಿ ಕಾರ್ಯದರ್ಶಿಯನ್ನು ಒಪ್ಪಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ಊರಲ್ಲಿ ಅದು ಬೇಕು.

ಕಬ್ಬಿನ ಬಿಲ್ಲಿಗೂ ಇದನ್ನೇ ಮಾಡಲು ಹೋದೆ. ಜಮೀನಿನ ಪಹಣಿ ಮಾವನ ಹೆಸರಲ್ಲಿ. ಹನ್ನೊಂದು ಮನೆ ಸುತ್ತಿದರೂ ಒಂದೂ ಆಗಲಿಲ್ಲ. ತವರಿನ ಆಸ್ತಿ ನೋಡೋಣ ಎಂದರೆ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ರಾಜ್ಯದಲ್ಲಿ 1994ರಲ್ಲೇ, ಕೇಂದ್ರದಲ್ಲಿ 2005ರಲ್ಲಿ ತಿದ್ದುಪಡಿ ಬಂದಿದೆ. ಆದರೂ ಹಬ್ಬಕ್ಕೆ ಕರೆಯುವವರು ಇಲ್ಲದಂತಾಗುತ್ತದೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಅದಕ್ಕೆ ನೋಟ್‌ಬುಕ್ಕು ಸಾಲದು.

ಮೇವಿಗೆ ಇನ್ನೂರು ಪಡೆಯುತ್ತಿದ್ದಾಕೆ ಹೋದ ತಿಂಗಳು ಎರಡನೇ ಹಸುವಿಗೆ ತಾನೇ ವ್ಯಾಪಾರ ಕುದುರಿಸಿ, 5,000 ಮುಂಗಡ ಕೊಟ್ಟು ಬಂದಳು.